ಜಗುಲಿ ಕಂಬದ ಬೇವಿನ ಸೊಪ್ಪು

ಕೋಲಾಟದ ಕೋಲಿಗೆ ಒಂದೊಂದಕ್ಕೂ ಒಂದೊಂದು ದನಿ. ಒಂದೇ ದನಿಯ ಎರಡನ್ನು ಹುಡುಕಿ ಜೋಡಿ ಮಾಡಿ ಕೊಡದಿದ್ದರೆ ಪದ ಒಂದು ದಾರಿ ಹಿಡಿಯುತ್ತದೆ, ತಾಳ ಇನ್ನೊಂದು ದಾರಿ. ಬೇಸಿಗೆ ಶಿಬಿರ ಶುರುವಾಗುವ ಹಿಂದಿನ ದಿನ ಭಾರತೀನಗರದ ನಮ್ಮ ಶಾಲೆಯ ಜಗುಲಿಯಲ್ಲಿ ಕೂತು ಕೋಲುಗಳನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಜೋಡಿ ಮಾಡುತ್ತಿದ್ದೆ. ನಾನು ಈ ಶಾಲೆಯ ದೈಹಿಕ ಶಿಕ್ಷಕಿ, ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್ಸು. ಪ್ರತಿ ಬೇಸಿಗೆ ಸುತ್ತಲಿನ ಹಳ್ಳಿಗಳ ಮಕ್ಕಳನ್ನು ಸೇರಿಸಿ ಶಿಬಿರ ನಡೆಸುವುದು, ಕೊನೆಯ ದಿನ ಊರವರ ಎದುರು ಮೈದಾನದಲ್ಲಿ ಕೋಲಾಟ ಆಡಿಸುವುದು ನನ್ನ ತಲೆಗೆ ಕಟ್ಟಿದ ಕೆಲಸ. ಬಿಡಿಸಿಕೊಳ್ಳಲು ನಾನೂ ಯಾವತ್ತೂ ಹೋಗಿಲ್ಲ.

ಆಗ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಗಂಡನ ಮನೆ ಪೂರಿಗಾಲಿ, ರಜೆಗೆಂದು ಇಲ್ಲಿನ ತವರಿಗೆ ಬಂದಿದ್ದರು. ಹುಡುಗಿಗೆ ಹತ್ತು ವರ್ಷವಿರಬಹುದು. ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಹಾಕಿದ್ದಳು. ಕೊರೊನಾ ಹೋಗಿ ಮಾಸ್ಕ್ ಎಂಬುದನ್ನು ಎಲ್ಲರೂ ಮರೆತಿದ್ದ ಹೊತ್ತು ಅದು, ನಾನು ಒಂದು ಗಳಿಗೆ ಅವಳನ್ನೇ ನೋಡಿದೆ. ತಾಯಿ ಮಗಳನ್ನು ಹೊಂಗೆ ಮರದ ಕಡೆ ಕಳಿಸಿ, ದನಿ ತಗ್ಗಿಸಿ ವಿಷಯ ಹೇಳಿದರು. ಮಗುವಿಗೆ ಮೂತ್ರಪಿಂಡದ ತೊಂದರೆ. ಅದು ಬಂದಾಗ ಮುಖ, ಕಾಲು ಊದಿಕೊಳ್ಳುತ್ತವೆ. ಅದಕ್ಕೆ ಕೊಡುವ ಮಾತ್ರೆ ಊತವನ್ನು ಇಳಿಸುತ್ತದೆ, ಜೊತೆಗೆ ಮೈಯ ರೋಗ ತಡೆಯುವ ಶಕ್ತಿಯನ್ನೂ ಇಳಿಸುತ್ತದೆ. ಈಗ ಹತೋಟಿಯಲ್ಲಿದೆ, ಆಡಲಿ ಎಂದಿದ್ದಾರೆ ಮಂಡ್ಯದ ಡಾಕ್ಟರು. ಆದರೆ ಕೆಮ್ಮು ಜ್ವರದವರ ಹತ್ತಿರ ಬಿಡಬೇಡಿ ಎಂದಿದ್ದಾರೆ. ಅದರಲ್ಲೂ ಸೀತಾಳೆ ಸಿಡುಬು, ನಮ್ಮ ಕಡೆ ಅಮ್ಮ ಎನ್ನುತ್ತೇವಲ್ಲ, ಅದು ತಗುಲಿದರೆ ಬೇರೆ ಮಕ್ಕಳಿಗೆ ಬಂದು ಹೋದಂತೆ ಇವಳಿಗೆ ಹೋಗುವುದಿಲ್ಲವಂತೆ. ಜೀವಕ್ಕೇ ಬರಬಹುದಂತೆ. ಎರಡು ಬೇಸಿಗೆ ಈ ಹುಡುಗಿ ಆಸ್ಪತ್ರೆಯ ಕಿಟಕಿಯಿಂದ ಹೊರಗೆ ನೋಡಿಯೇ ಕಳೆದಿದ್ದಾಳೆ.

“ಎಲ್ಲಾ ಮಕ್ಳೂ ಮಾಸ್ಕ್ ಹಾಕ್ಕಳಂಗೆ ಮಾಡ್ಬುಡಿ ಮೇಡಂ. ಯಾಕೆ ಅಂತ ಮಾತ್ರ ಯಾರ್ಗೂ ಯೋಳ್ಬ್ಯಾಡಿ. ಹೆಣ್ಣುಡ್ಗಿ. ಕಿಡ್ನಿ ಅಂತ ಒಂದ್ಸಲ ಜನದ್ ಬಾಯಿಗ್ ಬಿದ್ರೆ ಅದೇ ಅವ್ಳ ಹೆಸ್ರಾಗೋಯ್ತದೆ.”

ಆ ಮಾತು ನಿಜ. ನಮ್ಮೂರಲ್ಲಿ ಒಬ್ಬರ ಕಾಯಿಲೆ ಅವರಿಗಿಂತ ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ ಕೂತಿರುತ್ತದೆ. ನಾನು ಹುಡುಗಿಯನ್ನು ಕರೆದು, ಪದ ಹೇಳುವವರ ಜೊತೆ ಕಟ್ಟೆಯ ಮೇಲೆ ನಿಂತು ಹಾಡುತ್ತೀಯಾ ಎಂದು ಕೇಳಿದೆ. ಅಲ್ಲಾದರೆ ಯಾರ ಮೈಯೂ ತಾಕುವುದಿಲ್ಲ ಎಂಬುದು ನನ್ನ ಲೆಕ್ಕ. ಅವಳು ಒಲ್ಲೆ ಎಂದು ತಲೆ ಅಲ್ಲಾಡಿಸಿ, ಜೋಡಿ ಮಾಡಿಟ್ಟ ಕೋಲುಗಳ ಕಡೆ ಕೈ ತೋರಿಸಿದಳು. ಆಗಲಿ ಎಂದುಬಿಟ್ಟೆ.

ಮರುದಿನ ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರ ಎದುರು, ನಾಳೆಯಿಂದ ಮಾಸ್ಕ್ ಕಡ್ಡಾಯ ಎಂದು ಘೋಷಿಸಿದೆ. ಪಿ.ಟಿ. ಮಿಸ್ಸಿನ ದನಿಗೆ ಎದುರಾಡುವವರು ಕಡಿಮೆ. ಆವತ್ತು ಒಬ್ಬರು ಸಿಕ್ಕರು. ಗೊಬ್ಬರದ ಅಂಗಡಿ ಇಟ್ಟುಕೊಂಡು ಕಬ್ಬನ್ನೂ ಬೆಳೆಯುವವರು. ಅವರ ಮಗ ಹಿಂದಿನ ಬೇಸಿಗೆಯಿಂದಲೂ ನಮ್ಮ ಕೋಲಾಟದ ಮುಖ್ಯ ಆಳು. ಅವರು ನೇರ ನನ್ನ ಹತ್ತಿರ ಬಂದು, ಸರ್ಕಾರಿ ಕಟ್ಟಡದಲ್ಲಿ ಶಿಬಿರ ನಡೆಸಲು ನಮಗೆ ಕೊಟ್ಟಿದ್ದ ಅನುಮತಿ ಪತ್ರವನ್ನೇ ಮೊಬೈಲಿನಲ್ಲಿ ತೋರಿಸಿದರು. ಯಾರೋ ಪೋಷಕರ ಗುಂಪಿಗೆ ಹಾಕಿದ್ದರಂತೆ. ಅದರ ಷರತ್ತುಗಳ ನಡುವೆ ಇತ್ತು: ಶಿಬಿರದಲ್ಲಿ ಯಾವ ಮಗುವಿಗೂ ಮಾಸ್ಕ್ ಕಡ್ಡಾಯ ಮಾಡತಕ್ಕದ್ದಲ್ಲ, ಮಾಸ್ಕ್ ಇಲ್ಲವೆಂದು ವಾಪಸು ಕಳಿಸತಕ್ಕದ್ದಲ್ಲ, ತಾವಾಗಿ ಹಾಕಿಕೊಳ್ಳುವವರನ್ನು ತಡೆಯತಕ್ಕದ್ದೂ ಅಲ್ಲ. ಕೆಳಗೆ ನನ್ನದೇ ಸಹಿ. ಓದಿ ಸಹಿ ಹಾಕಿದ್ದರೆ ತಾನೇ.

“ಈ ಬಿಸ್ಲಲ್ಲಿ ಕುಣ್ಯೋ ಮಕ್ಳು ಮೂಗ್ ಕಟ್ಕಂಡ್ರೆ ಉಸ್ರಾಡದೆಂಗೆ ಮೇಡಂ?” ಎಂದರು. “ನೀವೊಂದ್ಸಲ ಕಟ್ಕಂಡು ಕುಣುದು ತೋರ್ಸಿ.”

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಕಾರಣ ಹೇಳುವ ಹಾಗಿಲ್ಲ, ಕಾರಣ ಹೇಳದೆ ಹೇರುವ ಹಾಗಿಲ್ಲ. ಕಡ್ಡಾಯವಿಲ್ಲ ಬಿಡಿ ಎಂದು ಮಾತು ವಾಪಸು ತೆಗೆದುಕೊಂಡೆ.

ಮನೆಗೆ ಹೋದ ಮೇಲೆ ಸಿಟ್ಟು ಇಳಿದು ಯೋಚನೆ ಶುರುವಾಯಿತು. ಆ ಷರತ್ತು ಬರೆದವರಿಗೆ ಮಕ್ಕಳ ಗುರುತಿದ್ದಂತಿತ್ತು. ಕೊರೊನಾ ಮುಗಿಯುತ್ತ ಬಂದಾಗ, ಮಾಸ್ಕ್ ಇಲ್ಲದೆ ಗೇಟಿನ ಒಳಗೆ ಬಿಡಬಾರದೆಂಬ ನಿಯಮವಿದ್ದ ದಿನಗಳಲ್ಲಿ, ನಮ್ಮ ಗೇಟಿನಲ್ಲಿ ನಡೆಯುತ್ತಿದ್ದದ್ದು ನನಗೆ ನೆನಪಿದೆ. ಒಬ್ಬ ಮಾಸ್ಕ್ ಹಾಕಿಕೊಂಡು ಒಳಗೆ ಬರುತ್ತಿದ್ದ. ಬಂದವನು ಅದನ್ನು ಬಿಚ್ಚಿ ಒಂದು ಸಣ್ಣ ಕಲ್ಲಿಗೆ ಸುತ್ತಿ ಕಾಂಪೌಂಡಿನ ಆಚೆ ಎಸೆಯುತ್ತಿದ್ದ. ಆಚೆಯವನು ಅದನ್ನೇ ಹಾಕಿಕೊಂಡು ಗಂಭೀರವಾಗಿ ಒಳಗೆ ಬರುತ್ತಿದ್ದ. ಒಂದೇ ಮಾಸ್ಕಿನಲ್ಲಿ ಒಂದು ಇಡೀ ಬೆಂಚು ಪಾಸಾಗುತ್ತಿತ್ತು. ಎಸೆಯಲು ಗೆಳೆಯನಿಲ್ಲದ ಬಡಪಾಯಿ ಮಾತ್ರ ಗೇಟಿನಿಂದ ಮನೆಗೆ ನಡೆಯುತ್ತಿದ್ದ. ಕಡ್ಡಾಯದಿಂದ ಆ ಹುಡುಗಿಗೆ ಏನು ಸಿಗುತ್ತಿತ್ತೋ ನನಗೆ ಗೊತ್ತಿಲ್ಲ. ಆದರೆ ಕಡ್ಡಾಯವಿಲ್ಲದೆ ಏನು ಮಾಡಬೇಕು ಎಂಬುದೂ ಗೊತ್ತಿರಲಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೊದಲು, ಅಭ್ಯಾಸ ನಡೆಯುತ್ತಿದ್ದ ಸಭಾಂಗಣಕ್ಕೆ ಬೀಗ ಹಾಕಿದೆ, ಕೋಲಾಟ ಹೊಂಗೆ ಮರದ ಕೆಳಗೆ ಬಂತು. ಗಾಳಿ ಆಡುವ ಜಾಗ. ಎರಡನೆಯದು, ಸುತ್ತು ಬದಲಿಸಿದೆ. ಕೋಲಾಟದಲ್ಲಿ ಒಳಸುತ್ತಿನವರು ಒಂದು ದಿಕ್ಕಿಗೆ, ಹೊರಸುತ್ತಿನವರು ಇನ್ನೊಂದು ದಿಕ್ಕಿಗೆ ಸರಿಯುತ್ತ ಹೋಗುತ್ತಾರೆ, ಪದ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಎದುರು ಸುತ್ತಿನ ಎಲ್ಲರ ಮುಖಕ್ಕೂ ಮುಖ ಕೊಟ್ಟಿರುತ್ತದೆ. ಅದೇ ಅದರ ಚೆಂದ. ಆ ಚೆಂದವನ್ನು ತೆಗೆದುಹಾಕಿ, ಇಡೀ ಪದಕ್ಕೆ ಒಂದೇ ಜೋಡಿ ಎಂದೆ. ಮೂರನೆಯದು, ಕೋಲುಗಳನ್ನು ಉದ್ದ ಮಾಡಿಸಿದೆ. ಕೋಲು ಉದ್ದವಾದರೆ ಮಕ್ಕಳು ತಾವಾಗಿಯೇ ದೂರ ನಿಲ್ಲುತ್ತಾರೆ, ಯಾರೂ ದೂರ ನಿಲ್ಲಿ ಎಂದು ಕೂಗಬೇಕಿಲ್ಲ.

ಇದರಿಂದ ಮೊದಲು ನೊಂದವರು ಕೋಲಾಟದ ಮೇಷ್ಟ್ರು. ಅವರು ಹೊಳಲಿನವರು, ಪ್ರತಿ ವರ್ಷ ಮಕ್ಕಳಿಗೆ ಪದ ಕಲಿಸಲು ಬಂದು ಹೋಗುವವರು. ಉದ್ದದ ಕೋಲನ್ನು ಕೈಯಲ್ಲಿ ತೂಗಿ ನೋಡಿ, ಇದೇನು ಕೋಲಾಟವೋ ದನ ಅಟ್ಟುವುದೋ ಎಂದರು. ದನಿಯೂ ಸತ್ತಿತ್ತು, ಟಣ್ ಎನ್ನಬೇಕಾದದ್ದು ದಬ್ ಎನ್ನುತ್ತಿತ್ತು. ಅವರು ಹೇಳಿದ್ದು ಸರಿಯಿತ್ತು. ಆದರೂ ನಾನು ಬಗ್ಗಲಿಲ್ಲ. ಸುತ್ತು ಬದಲಿಸಿದ್ದಕ್ಕೆ ಅವರು ನನ್ನ ಜೊತೆ ಕಾಫಿ ಕುಡಿಯುವುದನ್ನೇ ಬಿಟ್ಟರು.

ಹುಡುಗಿಗೆ ಜೋಡಿಯಾಗಿ ಗೊಬ್ಬರದಂಗಡಿಯವರ ಮಗನನ್ನೇ ಹಾಕಿದೆ. ಆ ಅಪ್ಪನ ಮೇಲಿನ ಸಿಟ್ಟು ಇನ್ನೂ ಇತ್ತು, ನಿಜ. ಆದರೆ ಎದುರಿನವರ ಬೆರಳಿಗೆ ಹೊಡೆಯದ ಹುಡುಗ ಇಡೀ ಶಿಬಿರದಲ್ಲಿ ಅವನೊಬ್ಬನೇ. ಆರೋಗ್ಯವಂತ, ಒಂದು ಸೀನೂ ಇಲ್ಲ. ಹುಡುಗಿ ಬೇಗ ಕಲಿತಳು. ಮಾಸ್ಕಿನ ಒಳಗಿಂದಲೇ ಪದ ಹೇಳುತ್ತಿದ್ದಳು. ಯಾವಳೋ ಒಬ್ಬಳು ಅದನ್ನು ಎಳೆದಾಗ ಮಾತ್ರೆಯಿಂದ ದುಂಡಗಾದ ಅವಳ ಕೆನ್ನೆ ಕಂಡಿತು. ಆಗ ನನಗೆ ಹೊಳೆಯಿತು, ಅವಳು ಮಾಸ್ಕ್ ಹಾಕುವುದು ಡಾಕ್ಟರು ಹೇಳಿದ್ದಕ್ಕೆ ಮಾತ್ರವಲ್ಲ. ಎಳೆದವಳಿಂದ ಮೈದಾನ ಸುತ್ತಿಸಿದೆ.

ಇಷ್ಟಾದರೂ ಒಂದು ತಲೆನೋವು ಉಳಿದಿತ್ತು. ಪದ ಮುಗಿದು ಸುಸ್ತಾದಾಗ ಅವಳು ಕೂರಲೆಂದು ಜಗುಲಿಯ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಅವಳ ನೀರಿನ ಬಾಟಲಿ ಇಡಿಸಿದ್ದೆ. ಮಕ್ಕಳು ಬೇರೆ ಎಲ್ಲೂ ಜಾಗವಿಲ್ಲದಂತೆ ಅಲ್ಲಿಗೇ ಬಂದು ಬೀಳುತ್ತಿದ್ದರು. ಅವಳ ಬಾಟಲಿಯಲ್ಲೇ ಬಾಯಿಡುತ್ತಿದ್ದರು. ಗದರಿದರೆ ಒಂದು ಗಳಿಗೆ ಎದ್ದು, ನಾನು ಬೆನ್ನು ತಿರುಗಿಸಿದ ಕೂಡಲೇ ವಾಪಸು. ಯಾಕೆ ಮಿಸ್ ಎಂದು ಕೇಳಿದರೆ ನನ್ನ ಬಾಯಿ ಕಟ್ಟಿತ್ತು.

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಯಾವುದಾದರೂ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರೆ ಆ ಮನೆಗೆ ಅಮ್ಮ ಬಂದಿದ್ದಾಳೆ ಎಂದು ಅರ್ಥ. ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ. ಸಾಲ ಕೇಳಲು ಬಂದವನೂ ಸೊಪ್ಪು ನೋಡಿ ಹೊಸ್ತಿಲ ಆಚೆಯೇ ನಿಂತು ತಿರುಗಿ ಹೋಗುತ್ತಿದ್ದ. ಅಮ್ಮ ಬಂದವರಿಗೆ ಮೂರು ಸಲ ನೀರು ಹಾಕಿ ಸೊಪ್ಪು ತೆಗೆಯುವವರೆಗೂ ಆ ಮನೆಯಲ್ಲಿ ಒಗ್ಗರಣೆಯ ಸದ್ದೂ ಇಲ್ಲ. ಇಷ್ಟು ಮರ್ಯಾದೆಯನ್ನು ಯಾವ ಸುತ್ತೋಲೆಯೂ ಕೊಡಿಸಲಾರದು ಎಂದುಕೊಂಡೆ. ಬೆಳಿಗ್ಗೆ ಶಾಲೆಯ ಹಿಂದಿನ ಬೇವಿನ ಮರದಿಂದ ನಾಲ್ಕು ಎಸಳು ಕಿತ್ತು ತಂದು, ಚಾಪೆ ಹಾಸಿದ ಮೂಲೆಯ ಕಂಬಕ್ಕೆ ಕಟ್ಟಿದೆ. ಮಕ್ಕಳು ನೋಡಿದರು, ನಿಂತರು, ತಿರುಗಿ ಹೋದರು. ಇಡೀ ದಿನ ಒಬ್ಬರೂ ಆ ಕಡೆ ಸುಳಿಯಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಸಂಜೆಯಷ್ಟರಲ್ಲಿ ಶಿಬಿರದಲ್ಲಿ ಅಮ್ಮ ಎದ್ದಿದ್ದಾಳೆ ಎಂಬ ಸುದ್ದಿ ಬಸ್ಸು ಹತ್ತಿ ಹೋಗಿತ್ತು. ಮಕ್ಕಳು ನೋಡಿದ್ದನ್ನು ಮನೆಯಲ್ಲಿ ಹೇಳಿದ್ದರು, ತಪ್ಪೇನು? ಮರುದಿನ ಬೆಳಿಗ್ಗೆ ಅರ್ಧ ಮಕ್ಕಳು ಬರಲಿಲ್ಲ. ಬಂದವರ ಜೊತೆ ದೊಡ್ಡವರೂ ಬಂದು ಜಗುಲಿ ಮುಂದೆ ಸೇರಿದ್ದರು. ಯಾವ ಮಗುವಿಗೆ, ಯಾವಾಗ, ಯಾಕೆ ಮುಚ್ಚಿಟ್ಟಿರಿ ಎಂದು ನಾಲ್ಕು ದಿಕ್ಕಿನಿಂದ ಕೇಳುತ್ತಿದ್ದರು. ಯಾರಿಗೂ ಇಲ್ಲ, ಅದು ಸುಮ್ಮನೆ ಕಟ್ಟಿದ್ದು ಎಂದೆ. ಬೇವಿನ ಸೊಪ್ಪನ್ನು ಯಾರಾದರೂ ಸುಮ್ಮನೆ ಕಟ್ಟುತ್ತಾರೆಯೇ? ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಗುಂಪಿನ ಅಂಚಿನಲ್ಲಿ ಪೂರಿಗಾಲಿಯ ತಾಯಿ ಮಗಳ ಕೈ ಹಿಡಿದು ನಿಂತಿದ್ದರು. ಅವರು ನನ್ನನ್ನೇ ನೋಡುತ್ತಿದ್ದರು, ನಾನು ಎಲ್ಲಿ ಹೇಳಿಬಿಡುತ್ತೇನೋ ಎಂಬ ಭಯದಲ್ಲಿ.

ಆಗ ಗೊಬ್ಬರದಂಗಡಿಯವರು ಬೈಕು ನಿಲ್ಲಿಸಿ, ಮಗನನ್ನು ಇಳಿಸದೆ, ತಾವೊಬ್ಬರೇ ನಡೆದು ಬಂದರು. ಮುಖ ಕೆಂಪಾಗಿತ್ತು.

“ನಮ್ ಮನೆ ಇಸ್ಯಾನ ಕಂಬಕ್ಕೆ ಕಟ್ಟಿ ಊರ್ಗೆಲ್ಲಾ ಸಾರೀರಾ ಮೇಡಂ? ನಮ್ ಚಿಕ್ಕುಡ್ಗಿಗೆ ಅಮ್ಮ ಬಂದಿರದು ನಿಮ್ಗ್ಯಾರು ಯೋಳಿದ್ರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದು ನನ್ನ ಕಣ್ಣ ಮುಂದೆಯೇ ನಡೆದುಹೋಯಿತು. ಆದರೆ ನಗು ಬರಲಿಲ್ಲ. ಅವರ ಮನೆಯಲ್ಲಿ ಚಿಕ್ಕ ಮಗಳಿಗೆ ಅಮ್ಮ. ಅವಳ ಪಕ್ಕದಲ್ಲಿ ಮಲಗಿ ಎದ್ದು ಬರುವ ಅಣ್ಣ ದಿನವೂ ಈ ಹುಡುಗಿಯ ಎದುರು ನಿಂತು ಪದ ಹೇಳಿದ್ದಾನೆ. ಜೋಡಿ ಹಾಕಿದವಳು ನಾನು. ಅಂಗಡಿಯವರಿಗೂ ತಾವು ಏನು ಹೇಳಿಬಿಟ್ಟೆವು ಎಂಬುದು ಆಗ ತಿಳಿದಿರಬೇಕು. ಹುಡುಗನಿಗೆ ಏನೂ ಆಗಿಲ್ಲ, ಚೆನ್ನಾಗಿದ್ದಾನೆ, ಅದಕ್ಕೇ ಕಳಿಸಿದ್ದು, ಕೋಲಾಟ ತಪ್ಪಿದರೆ ಅನ್ನ ಬಿಡುತ್ತಿದ್ದ ಎಂದು ಯಾರೂ ಕೇಳದಿದ್ದರೂ ಒಂದರ ಮೇಲೊಂದು ಹೇಳತೊಡಗಿದರು.

ನಾನು ಎರಡು ಮಾತು ಹೇಳಿದೆ. ಸೊಪ್ಪು ಕಟ್ಟಿದ್ದು ನನ್ನ ದಡ್ಡತನ, ನಿಮ್ಮ ಮನೆಯ ವಿಷಯ ನನಗೆ ಈಗ ನಿಮ್ಮ ಬಾಯಿಂದಲೇ ಗೊತ್ತಾದದ್ದು. ಈವತ್ತು ಶಿಬಿರ ಇಲ್ಲ, ಎಲ್ಲರೂ ಮಕ್ಕಳನ್ನು ಕರೆದುಕೊಂಡು ಹೋಗಿ, ಇಲ್ಲಿ ಇದನ್ನು ತಡೆಯಲಾರದ ಮಗು ಇರಬಹುದು. ಯಾವ ಮಗು ಎಂದು ಹೇಳಲಿಲ್ಲ. ಹೇಳಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಸೊಪ್ಪಿಗೂ ಒಂದು ಅರ್ಥ ಬರುತ್ತಿತ್ತು. ಆದರೆ ಅದು ಹೇಳಲು ನನ್ನದಾಗಿರಲಿಲ್ಲ.

ಪೂರಿಗಾಲಿಯ ತಾಯಿ ಮಗಳ ಕೈ ಬಿಟ್ಟು ಮುಂದೆ ಬಂದರು. ಮಗಳಿಗಿರುವ ಕಾಯಿಲೆಯನ್ನು ಅದರ ಹೆಸರು ಹಿಡಿದೇ ಎಲ್ಲರ ಎದುರು ಹೇಳಿದರು. ಮಾತ್ರೆಯ ವಿಷಯ, ಡಾಕ್ಟರು ಹೇಳಿದ ವಿಷಯ, ಅಮ್ಮ ತಗುಲಿದರೆ ಏನಾಗಬಹುದು ಎಂಬ ವಿಷಯ. ಮೊದಲ ದಿನ ಮಾಸ್ಕ್ ಕೇಳಿದ್ದು ಮೇಡಮ್ಮಲ್ಲ, ನಾನು ಎಂದೂ ಹೇಳಿದರು.

ಅಂಗಡಿಯವರು ಆಕೆಯ ಕಡೆ ತಿರುಗಿದರು. “ಅವತ್ತೇ ಒಂದ್ಮಾತು ಯೋಳಿದ್ರೆ ನಾನ್ಯಾಕೆ ಆರ್ಡ್ರು ತೋರುಸ್ತಿದ್ದೆ ಕಣವ್ವಾ?”

“ನೀವೂ ಯೋಳ್ನಿಲ್ವಲ್ಲಣ್ಣಾ” ಎಂದರು ಆಕೆ.

ನಾನು ಕಂಬದ ಸೊಪ್ಪನ್ನು ಬಿಚ್ಚಿದೆ. ತಾಯಿ ಮಗಳಿಬ್ಬರನ್ನೂ ಮಂಡ್ಯದ ಬಸ್ಸಿಗೆ ಹತ್ತಿಸಲು ನಾನೇ ಜೊತೆಗೆ ಹೋದೆ. ದಾರಿಯಲ್ಲಿ ಹುಡುಗಿ ಕೇಳಿದ್ದು ಒಂದೇ, ತನ್ನ ಕೋಲು ಬೇರೆ ಯಾರಿಗಾದರೂ ಕೊಡುತ್ತೀರಾ ಎಂದು. ಕೊಡುವುದಿಲ್ಲ ಎಂದೆ. ಬಸ್ಸು ಹೋದ ಮೇಲೆ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಅಷ್ಟು ಹೆದರಿದ್ದೆ.

ಡಾಕ್ಟರು ಹುಡುಗನ ಮೈಮೇಲೆ ಗುಳ್ಳೆ ಎದ್ದಿತ್ತೇ ಎಂದು ವಿಚಾರಿಸಿದರಂತೆ. ಇಲ್ಲ ಎಂದ ಮೇಲೆ, ಹಾಗಾದರೆ ಕಾದು ನೋಡೋಣ, ಮೂರು ವಾರದಷ್ಟು ಕಾಲ ಜನರ ನಡುವೆ ಬಿಡಬೇಡಿ, ಮೈ ಬೆಚ್ಚಗಾದರೂ ತಕ್ಷಣ ಕರೆತನ್ನಿ ಎಂದರಂತೆ. ಎಂದರೆ ಕೊನೆಯ ದಿನದ ಕೋಲಾಟ ಅವಳಿಗಿಲ್ಲ. ತಾಯಿ ಇದನ್ನು ಫೋನಿನಲ್ಲಿ ಹೇಳಿದರು.

ಶಿಬಿರ ಮತ್ತೆ ಶುರುವಾದ ದಿನ ನಾನು ಮಾಸ್ಕಿನ ಮಾತೇ ಎತ್ತಲಿಲ್ಲ. ಮನೆಯಲ್ಲಿ ಯಾರಿಗಾದರೂ ಕೆಮ್ಮು, ಜ್ವರ, ಅಮ್ಮ ಇದ್ದರೆ ನನಗೊಂದು ಮಾತು ಹೇಳಿ, ಮಗುವಿನ ಜಾಗ ಯಾರಿಗೂ ಕೊಡುವುದಿಲ್ಲ, ಬೈಯುವುದೂ ಇಲ್ಲ ಎಂದಷ್ಟೇ ಹೇಳಿದೆ. ಜನಕ್ಕೆ ಹೇಳುವ ಅಭ್ಯಾಸ ಬಂದುಬಿಟ್ಟರೆ ಕೇಳುವವಳ ಗತಿ ಬೇಡ. ಅತ್ತೆಯ ಗೂರಲು, ಮಾವನ ಮಂಡಿನೋವು, ಎಮ್ಮೆಯ ಕೆಚ್ಚಲು ಬಾವು, ಎಲ್ಲವೂ ನನ್ನ ಫೋನಿಗೆ ಬಂತು. ಕೆಲವರು ಮಕ್ಕಳಿಗೆ ತಾವಾಗಿ ಮಾಸ್ಕ್ ಹಾಕಿ ಕಳಿಸಿದರು, ಕೆಲವರು ಕಳಿಸಲಿಲ್ಲ. ನಾನು ಯಾರನ್ನೂ ಏನೂ ಕೇಳಲಿಲ್ಲ. ಅವಳಿಲ್ಲದ ಮೇಲೆ ಉದ್ದದ ಕೋಲು ಯಾಕೆ ಎಂದು ಹಳೆಯ ಕೋಲುಗಳನ್ನೇ ಹೊರಗೆ ತೆಗೆದೆ. ಮೇಷ್ಟ್ರು ಕಾಫಿ ಕುಡಿದರು.

ವಾರ ಕಳೆಯುವಷ್ಟರಲ್ಲಿ ಗೊಬ್ಬರದಂಗಡಿಯವರು ಫೋನ್ ಮಾಡಿದರು. ಹುಡುಗನಿಗೂ ಗುಳ್ಳೆ ಎದ್ದಿತ್ತು. ಆ ವಾರವೆಲ್ಲ ಅವನು ಮನೆಯಲ್ಲೇ ಇದ್ದ. ನಾನು ಸೊಪ್ಪು ಕಟ್ಟದಿದ್ದರೆ, ಅವರು ತಪ್ಪು ತಿಳಿದು ಸಿಟ್ಟಾಗದಿದ್ದರೆ, ಅವನು ಎಲ್ಲಿರುತ್ತಿದ್ದ ಎಂಬುದನ್ನು ನಾವಿಬ್ಬರೂ ಫೋನಿನಲ್ಲಿ ಆಡಲಿಲ್ಲ. ಅವರು ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಕಾಯುತ್ತಿದ್ದೇವೆ ಎಂದೆ.

ಕೊನೆಯ ದಿನ ಕೋಲಾಟ ಚೆನ್ನಾಗಿಯೇ ಆಯಿತು. ಬಾರದವರಿಬ್ಬರೂ ಒಂದೇ ಜೋಡಿಯವರು, ಹಾಗಾಗಿ ಯಾರಿಗೂ ಜೋಡಿ ತಪ್ಪಲಿಲ್ಲ. ಮೇಷ್ಟ್ರು ಎಲ್ಲರನ್ನೂ ಒಂದು ಹೆಜ್ಜೆ ಸರಿಸಿದರು, ಸುತ್ತು ಕೂಡಿಕೊಂಡಿತು. ನೋಡಲು ಬಂದ ಊರವರಿಗೆ ಯಾರೂ ಕಡಿಮೆಯಾದಂತೆ ಕಾಣಲಿಲ್ಲ. ನನಗೆ ಆ ಜಾಗ ಕಾಣುತ್ತಲೇ ಇತ್ತು.

ಡಾಕ್ಟರು ಹೇಳಿದ ಕಾಲ ಮುಗಿಯಿತು. ಹುಡುಗಿಗೆ ಏನೂ ಆಗಲಿಲ್ಲ. ಪೂರಿಗಾಲಿಗೆ ಹೊರಡುವ ಮುನ್ನ ಶಾಲೆಗೆ ಬಂದು ಹೋಗುತ್ತೇವೆ ಎಂದು ತಾಯಿ ಫೋನ್ ಮಾಡಿದರು. ಅಂಗಡಿಯವರ ಮನೆಯಲ್ಲೂ ನೀರು ಹಾಕಿ, ಮಾರಮ್ಮನಿಗೆ ಮೊಸರನ್ನ ಒಪ್ಪಿಸಿ, ಬಾಗಿಲ ಸೊಪ್ಪು ತೆಗೆದಾಗಿತ್ತು. ಹುಡುಗನ ಗುಳ್ಳೆಗಳು ಒಣಗಿ ಹಕ್ಕಳೆ ಉದುರಿದ್ದವು. ಅವನನ್ನು ಕಳಿಸಿ ಎಂದು ನಾನೇ ಕೇಳಿದೆ, ಹುಡುಗಿಯ ತಾಯಿಗೂ ಹೇಳಿಯೇ ಕರೆಸಿದೆ.

ಇಬ್ಬರೂ ಹೊಂಗೆ ಮರದ ಕೆಳಗೆ ನಿಂತರು. ಅವನ ಹಣೆಯ ಮೇಲೆ ಕಲೆಗಳು, ಅವಳ ಮುಖಕ್ಕೆ ಮಾಸ್ಕ್. ತಂದೆ ಬೈಕಿನ ಹತ್ತಿರ, ತಾಯಿ ಜಗುಲಿಯ ಮೇಲೆ. ನಾನು ಎತ್ತಿಟ್ಟಿದ್ದ ಆ ಉದ್ದದ ಕೋಲುಗಳನ್ನೇ ತಂದುಕೊಟ್ಟೆ. ಹುಡುಗ ಕೋಲು ತೆಗೆದುಕೊಳ್ಳದೆ ನನ್ನ ಕಡೆ ತಿರುಗಿದ.

“ನಾನೂ ಮಾಸ್ಕ್ ಹಾಕ್ಕಬೇಕಾ ಮಿಸ್?”

ಕಡ್ಡಾಯ ಎಂದದ್ದೂ, ಕಡ್ಡಾಯವಿಲ್ಲ ಎಂದದ್ದೂ ನಾನೇ. ಈ ಸಲ ನನ್ನನ್ನು ಕೇಳಬೇಡ, ಅವಳನ್ನು ಕೇಳು ಎಂದೆ. ಅವನು ಕೇಳಿದ. ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು, ಡಾಕ್ಟರ ಹಾಗೆ.

“ಬ್ಯಾಡ. ಕೆಮ್ಮು ಬಂದ್ರೆ ಯೋಳು, ಸಾಕು.”

ಅವನು ಹೂಂ ಎಂದು ಕೋಲು ಹಿಡಿದ. ಪದ ಹೇಳಲು ಮೇಷ್ಟ್ರಿರಲಿಲ್ಲ, ನಾನೇ ಹೇಳಿದೆ. ಕೋಲು ದಬ್ ದಬ್ ಎನ್ನುತ್ತಿತ್ತು.